ಕರುಳಿನ ಆಪರೇಷನ್ ಮೊದಲಾ, ಐವಿಎಫ್ ಮೊದಲಾ? ಎಂಡೊಮೆಟ್ರಿಯೋಸಿಸ್ ಇದ್ದು ಮಗು ಬೇಕೆನ್ನುವವರಿಗೆ

ಮುಟ್ಟಿನ ದಿನಗಳಲ್ಲಿ ಟಾಯ್ಲೆಟ್‌ಗೆ ಹೋಗಲು ಹೆದರುವ ಹೆಂಗಸರಿದ್ದಾರೆ. ನನ್ನ ತಂಗಿ ಅವರಲ್ಲೊಬ್ಬಳು. ಮೋಶನ್ ಆಗದಿರಲಿ ಅಂತ ಆ ನಾಲ್ಕು ದಿನ ಊಟವನ್ನೇ ಕಮ್ಮಿ ಮಾಡುತ್ತಿದ್ದಳು. ಒಬ್ಬರು ಪೈಲ್ಸ್ ಅಂದರು, ಇನ್ನೊಬ್ಬರು ಗ್ಯಾಸ್ಟ್ರಿಕ್ ಅಂದರು. ಕೊಲೊನೋಸ್ಕೋಪಿ ಮಾಡಿಸಿದರೆ ಎಲ್ಲ ನಾರ್ಮಲ್. ಅದರಲ್ಲಿ ಆಶ್ಚರ್ಯ ಇಲ್ಲ. ಎಂಡೊಮೆಟ್ರಿಯೋಸಿಸ್ ಅಂದರೆ ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಹೊರಗೆ ಬೆಳೆಯುವ ರೋಗ. ಅದರ ಗಂಟು ಕರುಳಿನ ಹೊರಗಿನಿಂದ ಒಳಕ್ಕೆ ಬೆಳೆಯುತ್ತದೆ, ಒಳಗಡೆ ಹೋಗಿ ನೋಡುವ ಕ್ಯಾಮೆರಾಕ್ಕೆ ಬಹಳ ಸಲ ಕಾಣುವುದೇ ಇಲ್ಲ. ಕೊನೆಗೆ ಎಂಆರ್‌ಐಯಲ್ಲಿ ಸಿಕ್ಕಿತು: ಗುದದ್ವಾರಕ್ಕಿಂತ ಸ್ವಲ್ಪ ಮೇಲೆ, ರೆಕ್ಟಮ್‌ನ, ಅಂದರೆ ಕರುಳಿನ ಕೊನೇ ಭಾಗದ ಗೋಡೆಯಲ್ಲಿ ಎರಡೂವರೆ ಸೆಂಟಿಮೀಟರ್ ಗಂಟು. ಜೊತೆಗೆ ಎಡಗಡೆ ಓವರಿಯಲ್ಲಿ ಚಾಕಲೇಟ್ ಸಿಸ್ಟ್, ಅಂದರೆ ಇದೇ ರೋಗದಿಂದ ಹಳೇ ರಕ್ತ ತುಂಬಿಕೊಂಡ ಚೀಲ.

ಮದುವೆಯಾಗಿ ಆಗಲೇ ಮೂರು ವರ್ಷ, ಮಗು ಬೇಕಿತ್ತು. ಒಂದೇ ವಾರದಲ್ಲಿ ಇಬ್ಬರು ಡಾಕ್ಟರನ್ನು ಕಂಡೆವು. ಒಬ್ಬರು "ಮೊದಲು ಗಂಟು ತೆಗೆಸಿ, ಮಗು ತಾನಾಗೇ ಆಗುತ್ತೆ" ಅಂದರು. ಇನ್ನೊಬ್ಬರು "ಕರುಳು ಮುಟ್ಟಲೇಬೇಡಿ, ನೇರ ಐವಿಎಫ್‌ಗೆ ಹೋಗಿ" ಅಂದರು. ಐವಿಎಫ್ ಅಂದರೆ ಮೊಟ್ಟೆ ತೆಗೆದು ಲ್ಯಾಬಿನಲ್ಲಿ ವೀರ್ಯದ ಜೊತೆ ಸೇರಿಸಿ, ಆದ ಭ್ರೂಣವನ್ನು ಗರ್ಭಕೋಶದಲ್ಲಿ ಇಡುವುದು. ಇಬ್ಬರೂ ಅನುಭವಸ್ಥರೇ. ಮಧ್ಯದಲ್ಲಿ ಫೈಲ್ ಹಿಡಿದುಕೊಂಡು ಕೂತವರು ನಾವು.

ನಾನು ಡಾಕ್ಟರಲ್ಲ. ಆ ಫೈಲ್ ಹೊತ್ತುಕೊಂಡು ಎರಡು ವರ್ಷ ಓಡಾಡಿದವಳು, ಓದಿ ಕೇಳಿ ತಿಳಿದುಕೊಂಡವಳು. ಆಗ ಯಾರಾದರೂ ಇಷ್ಟನ್ನು ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಪ್ರಶ್ನೆ: ಆಪರೇಷನ್ ಯಾತಕ್ಕೆ?

ನೋವಿಗಾ, ಮಗುವಿಗಾ? ಇದನ್ನು ಬೇರೆ ಮಾಡದೆ ಮುಂದಿನ ಯಾವ ಹೋಲಿಕೆಗೂ ಅರ್ಥ ಇಲ್ಲ.

ನೋವಿಗೆ, ಕರುಳಿನ ತೊಂದರೆಗೆ ಆಪರೇಷನ್ ನಿಜವಾಗಿ ಕೆಲಸ ಮಾಡುತ್ತದೆ. ಮಗುವಿನ ವಿಷಯದಲ್ಲಿ ಮಾತು ಅಷ್ಟು ಗಟ್ಟಿ ಇಲ್ಲ. ಯುರೋಪಿನ ಸಂತಾನ ತಜ್ಞರ ಸಂಘ ಎಶ್ರೆ 2022ರಲ್ಲಿ ಹೊರತಂದ ಮಾರ್ಗಸೂಚಿ ಇದನ್ನು ನೇರವಾಗಿಯೇ ಹೇಳುತ್ತದೆ. ಆಳಕ್ಕಿಳಿದ ಎಂಡೊಮೆಟ್ರಿಯೋಸಿಸ್‌ಗೆ ಐವಿಎಫ್‌ಗೂ ಮುಂಚೆ ಆಪರೇಷನ್ ಮಾಡಬೇಕಾ ಬೇಡವಾ ಅನ್ನುವುದನ್ನು ಮುಖ್ಯವಾಗಿ ನೋವು ಮತ್ತು ರೋಗಿಯ ಇಷ್ಟ ನೋಡಿ ತೀರ್ಮಾನಿಸಬೇಕು, ಗರ್ಭಕ್ಕೆ ಅದರಿಂದ ಎಷ್ಟು ಲಾಭ ಅನ್ನುವುದು ಇನ್ನೂ ಖಚಿತವಿಲ್ಲ ಅಂತ.

ಯಾಕೆ ಹೀಗೆ? ಮೊಟ್ಟೆ ಹೊರಬರುವುದು ಓವರಿಯಿಂದ, ಅದನ್ನು ಹಿಡಿದುಕೊಳ್ಳುವುದು ಟ್ಯೂಬು, ಮಗು ನಿಲ್ಲುವುದು ಗರ್ಭಕೋಶದಲ್ಲಿ. ಕರುಳಿನ ಗೋಡೆಯಲ್ಲಿರುವ ಗಂಟು ಈ ದಾರಿಯಲ್ಲೇ ಇಲ್ಲ. ಆದರೆ ಅದು ಒಂಟಿಯಾಗಿ ಇರುವುದು ಕಮ್ಮಿ. ಸುತ್ತಲಿನದೆಲ್ಲ ಅಂಟಿಕೊಂಡಿರುತ್ತದೆ, ಓವರಿ ಹಿಂದಕ್ಕೆ ಎಳೆದುಕೊಂಡು ಹೋಗಿರುತ್ತದೆ, ಟ್ಯೂಬು ಮಡಚಿಕೊಂಡಿರುತ್ತದೆ. ಆಪರೇಷನ್‌ನಲ್ಲಿ ಇವನ್ನೆಲ್ಲ ಬಿಡಿಸಿದಾಗ ಸಹಜ ಗರ್ಭಕ್ಕೆ ದಾರಿ ತೆರೆಯಬಹುದು. ಹಾಗಾಗಿ "ಕರುಳು ಸರಿ ಮಾಡಿದ್ದಕ್ಕೆ ಮಗು ಆಯ್ತು" ಅನ್ನುವುದು ಅರ್ಧ ಸತ್ಯ.

ಆಪರೇಷನ್ ಮೊದಲು ಯಾರಿಗೆ?

ಕೆಲವರಿಗೆ ಆಯ್ಕೆಯೇ ಇರುವುದಿಲ್ಲ. ಕರುಳು ಕಿರಿದಾಗಿ ಮೋಶನ್ ತಡೆಯುತ್ತಿದ್ದರೆ, ಮೂತ್ರನಾಳ ಒತ್ತಿಕೊಂಡು ಕಿಡ್ನಿ ಊದಿಕೊಂಡಿದ್ದರೆ ಆಪರೇಷನ್ ಬೇಕೇ ಬೇಕು. ಮೂತ್ರನಾಳದ ವಿಷಯ ಮೋಸದ್ದು, ಯಾವ ನೋವೂ ಇಲ್ಲದೆ ಕಿಡ್ನಿ ಹಾಳಾಗಬಹುದು. ಕರುಳಿಗೆ ಸ್ಕ್ಯಾನ್ ಮಾಡಿಸುವಾಗ ಕಿಡ್ನಿಯನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ.

ನೋವಿನಿಂದ ಕೆಲಸಕ್ಕೆ ಹೋಗಲಾಗುತ್ತಿಲ್ಲ, ಗಂಡನ ಜೊತೆ ಸೇರುವುದೇ ಆಗುತ್ತಿಲ್ಲ ಅನ್ನುವವರಿಗೂ ಆಪರೇಷನ್ ಮೊದಲು ಅನ್ನುವುದರಲ್ಲಿ ಅರ್ಥ ಇದೆ. ಸೇರಲು ಆಗದೆ ಸಹಜವಾಗಿ ಮಗು ಎಲ್ಲಿಂದ ಬರಬೇಕು? ಕನ್ಸಲ್ಟಿಂಗ್ ರೂಮಿನಲ್ಲಿ ಈ ಮಾತು ಬರುವುದೇ ಇಲ್ಲ, ಜೊತೆಗೆ ಅತ್ತೆ ಕೂತಿದ್ದರಂತೂ ಕೇಳಲೇ ಬೇಡಿ. ಐದು ನಿಮಿಷ ಒಬ್ಬಳೇ ಮಾತಾಡಬೇಕು ಅಂತ ಹೇಳಿ. ನೋವಿರುವವಳು ಚಿಕ್ಕವಳು, 35ರೊಳಗೆ, ಮೊಟ್ಟೆಗಳ ಲೆಕ್ಕ ಚೆನ್ನಾಗಿದೆ, ಗಂಡನ ವೀರ್ಯ ಪರೀಕ್ಷೆ ನಾರ್ಮಲ್ ಅಂದರೆ ಆಪರೇಷನ್ ಆದ ಮೇಲೆ ಸಹಜವಾಗಿ ಪ್ರಯತ್ನಿಸಲು ಸಮಯ ಇರುತ್ತದೆ. ನನ್ನ ತಂಗಿ ಈ ಗುಂಪಿನವಳು.

ಎರಡು ಸಲ ಒಳ್ಳೆ ಭ್ರೂಣ ಇಟ್ಟರೂ ಐವಿಎಫ್ ಕೈಕೊಟ್ಟವರಿಗೂ ಕೆಲವು ಡಾಕ್ಟರು ಆಪರೇಷನ್ ಸೂಚಿಸುತ್ತಾರೆ. ಅದಕ್ಕೆ ಗಟ್ಟಿ ಪುರಾವೆ ಕಮ್ಮಿ. ಆದರೂ ನೋವೂ ಇದ್ದರೆ ಯೋಚಿಸಬಹುದಾದ ಮಾತು.

ಐವಿಎಫ್ ಮೊದಲು ಯಾರಿಗೆ?

ವಯಸ್ಸು 38 ದಾಟಿದೆ, ಎಎಂಎಚ್ (ಓವರಿಯಲ್ಲಿ ಉಳಿದ ಮೊಟ್ಟೆಗಳ ಅಂದಾಜು ಕೊಡುವ ರಕ್ತಪರೀಕ್ಷೆ) ಕಮ್ಮಿ, ಎರಡೂ ಟ್ಯೂಬು ಮುಚ್ಚಿದೆ, ಅಥವಾ ವೀರ್ಯದ ಲೆಕ್ಕ ತುಂಬಾ ಕಮ್ಮಿ. ಇವುಗಳಲ್ಲಿ ಒಂದಿದ್ದು ನೋವು ಮಾತ್ರೆಯಲ್ಲಿ ತಡೆಯುವಷ್ಟಿದ್ದರೆ ಕರುಳಿಗೆ ಕೈ ಹಾಕಿ ತಿಂಗಳುಗಟ್ಟಲೆ ಕಳೆಯುವುದು ನನಗೆ ಸರಿ ಕಾಣುವುದಿಲ್ಲ. ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ಮುಚ್ಚಿದ ಟ್ಯೂಬಾಗಲಿ, ವೀರ್ಯದ ಲೆಕ್ಕವಾಗಲಿ ಅದರಿಂದ ಸರಿಹೋಗುವುದಿಲ್ಲ.

"ಐವಿಎಫ್ ಇಂಜೆಕ್ಷನ್‌ಗೆ ಗಂಟು ಬೆಳೆದುಬಿಡುತ್ತೆ" ಅನ್ನುವ ಹೆದರಿಕೆ ತುಂಬಾ ಜನಕ್ಕಿದೆ. ಐವಿಎಫ್‌ನಿಂದ ಎಂಡೊಮೆಟ್ರಿಯೋಸಿಸ್ ಮರುಕಳಿಸುವುದು ಜಾಸ್ತಿಯಾಗುವುದಿಲ್ಲ ಅಂತ ಅದೇ 2022ರ ಮಾರ್ಗಸೂಚಿ ಸಮಾಧಾನ ಹೇಳುತ್ತದೆ. ಎರಡು ಎಚ್ಚರಿಕೆ ಮಾತ್ರ ಇರಲಿ. ಕರುಳು ಆಗಲೇ ಕಿರಿದಾಗಿದ್ದವರಿಗೆ ಇಂಜೆಕ್ಷನ್ ನಡೆಯುತ್ತಿರುವಾಗ ಪೂರ್ತಿ ಕಟ್ಟಿಕೊಂಡ ಉದಾಹರಣೆಗಳಿವೆ, ಅಪರೂಪಕ್ಕೆ. ಮತ್ತೆ, ಚಾಕಲೇಟ್ ಸಿಸ್ಟ್ ಇದ್ದಾಗ ಮೊಟ್ಟೆ ತೆಗೆಯುವ ಸೂಜಿಯಿಂದ ಸೋಂಕು ಆಗಬಹುದು, ಅದಕ್ಕೆ ಮುಂಚೆಯೇ ಆ್ಯಂಟಿಬಯಾಟಿಕ್ ಕೊಡುತ್ತಾರೆ.

ಹಾಗೆಯೇ, ಐವಿಎಫ್ ನೋವಿಗೆ ಮದ್ದಲ್ಲ. "ಒಂದು ಮಗು ಆಗಲಿ, ಹೊಟ್ಟೆನೋವು ತಾನೇ ಹೋಗುತ್ತೆ" ಅಂತ ಅಜ್ಜಿಯರು ಹೇಳುತ್ತಾರೆ, ಕೆಲವು ಡಾಕ್ಟರೂ ಹೇಳುತ್ತಾರೆ. ಬಸುರಿಯಿದ್ದಾಗ, ಹಾಲೂಡಿಸುವಾಗ ಮುಟ್ಟು ನಿಂತಿರುವುದರಿಂದ ಎಷ್ಟೋ ಜನಕ್ಕೆ ಆರಾಮ ಅನ್ನಿಸಬಹುದು. ಮುಟ್ಟು ಶುರುವಾದ ಮೇಲೆ ಗಂಟು ಇದ್ದಲ್ಲೇ ಇರುತ್ತದೆ.

ನಡುದಾರಿ: ಮೊದಲು ಫ್ರೀಜ್, ಆಮೇಲೆ ಆಪರೇಷನ್

ನಮಗೆ ಇದನ್ನು ಯಾರೂ ಹೇಳಲಿಲ್ಲ. ಆಪರೇಷನ್ ತಪ್ಪಿಸಲಾಗದು, ಆದರೆ ಎಎಂಎಚ್ ಕಮ್ಮಿ ಇದೆ ಅಥವಾ ಓವರಿಯಲ್ಲೂ ಸಿಸ್ಟ್ ಇದೆ ಅನ್ನುವವರಿಗೆ ಇದು ದೊಡ್ಡ ವಿಷಯ. ಮೊಟ್ಟೆಗಳಿಗೆ ನಿಜವಾದ ಹೊಡೆತ ಬೀಳುವುದು ಕರುಳಿನ ಕೆಲಸದಿಂದ ಅಲ್ಲ, ಅದರ ಜೊತೆಗೇ ಚಾಕಲೇಟ್ ಸಿಸ್ಟ್ ಸುಲಿದು ತೆಗೆಯುವುದರಿಂದ. ಸಿಸ್ಟಿನ ಸಿಪ್ಪೆಯ ಜೊತೆ ಒಳ್ಳೆ ಓವರಿಯ ಭಾಗವೂ ಸ್ವಲ್ಪ ಹೋಗುತ್ತದೆ, ಎಎಂಎಚ್ ಇಳಿಯುತ್ತದೆ. ಎರಡೂ ಕಡೆ ಸಿಸ್ಟ್ ಇದ್ದರೆ ಇನ್ನೂ ಜಾಸ್ತಿ. "ಹೇಗೂ ಹೊಟ್ಟೆ ತೆರೆದಿದ್ದೇವಲ್ಲ, ಅದನ್ನೂ ತೆಗೆದುಬಿಡೋಣ" ಅನ್ನುವ ಮಾತಿಗೆ ತಲೆಯಾಡಿಸುವ ಮುಂಚೆ ಎಎಂಎಚ್ ರಿಪೋರ್ಟ್ ಟೇಬಲ್ ಮೇಲಿರಲಿ.

ಮೊಟ್ಟೆಯನ್ನೋ ಭ್ರೂಣವನ್ನೋ ಮೊದಲೇ ತೆಗೆದು ಫ್ರೀಜ್ ಮಾಡಿಟ್ಟರೆ ಆಪರೇಷನ್ ನಿಧಾನವಾಗಿ, ಸರಿಯಾಗಿ ಮಾಡಿಸಿಕೊಳ್ಳಬಹುದು. ನಮ್ಮ ದೇಶದ 2021ರ ಎಆರ್‌ಟಿ ಕಾಯ್ದೆ (ಐವಿಎಫ್‌ನಂಥ ಚಿಕಿತ್ಸೆಗಳ ಕಾನೂನು) ಪ್ರಕಾರ ಇವನ್ನು 10 ವರ್ಷದ ತನಕ ಇಡಬಹುದು. ಚಿಕಿತ್ಸೆಗೆ ಹೆಂಗಸಿನ ವಯಸ್ಸು 21ರಿಂದ 50, ಗಂಡಸಿನದು 21ರಿಂದ 55ರ ಒಳಗಿರಬೇಕು. ಕ್ಲಿನಿಕ್ ಈ ಕಾಯ್ದೆಯಡಿ ನೋಂದಣಿಯಾಗಿದೆಯಾ ಅಂತ ನೋಡಿಕೊಳ್ಳಿ. ಖರ್ಚು ಇದರಲ್ಲೇ ಜಾಸ್ತಿ, ಎರಡೂ ಬಿಲ್ ಕಟ್ಟಬೇಕು.

ದುಡ್ಡಿನ ಮಾತು ಬಂದಿದ್ದಕ್ಕೆ ಒಂದು ವಿಷಯ. ನಮ್ಮ ಆರೋಗ್ಯ ವಿಮೆಗಳಲ್ಲಿ ಬಂಜೆತನದ ಚಿಕಿತ್ಸೆ ಸಾಮಾನ್ಯವಾಗಿ ಹೊರಗೆ. ಎಂಡೊಮೆಟ್ರಿಯೋಸಿಸ್ ಆಪರೇಷನ್ ಎಷ್ಟೋ ಪಾಲಿಸಿಗಳಲ್ಲಿ ಒಳಗಿರುತ್ತದೆ, ಎರಡು ವರ್ಷದ ಕಾಯುವ ಅವಧಿ ಇರಬಹುದು. ಹೊಟ್ಟೆನೋವು, ಮೋಶನ್ ತೊಂದರೆಗೆ ಆಪರೇಷನ್ ಆಗುತ್ತಿದ್ದರೂ ಅಡ್ಮಿಷನ್ ಚೀಟಿಯಲ್ಲಿ ಬರೀ "ಇನ್‌ಫರ್ಟಿಲಿಟಿ" ಅಂತ ಬರೆದುಬಿಟ್ಟರೆ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ. ನಿಜವಾದ ಕಾರಣ ಪೂರ್ತಿ ಬರೆದಿದೆಯಾ ನೋಡಿ.

ಕರುಳಿಗೆ ಮೂರು ರೀತಿಯ ಆಪರೇಷನ್

ನಮ್ಮ ಸರ್ಜನ್ ಪ್ರಿಸ್ಕ್ರಿಪ್ಷನ್ ಹಾಳೆಯ ಹಿಂದೆ ಒಂದು ಪೈಪಿನ ಚಿತ್ರ ಬರೆದು ತೋರಿಸಿದ್ದರು. ಪೈಪಿನ ಮೇಲೆ ಒಂದು ಗಂಟು. ಮೊದಲನೆಯದು ಶೇವಿಂಗ್: ಕ್ಯಾರೆಟ್ ಹೆರೆದ ಹಾಗೆ ಗಂಟನ್ನು ಮೇಲಿಂದ ಹೆರೆದು ತೆಗೆಯುವುದು, ಕರುಳನ್ನು ತೆರೆಯುವುದಿಲ್ಲ. ಎರಡನೆಯದು ಡಿಸ್ಕ್: ಗಂಟಿರುವ ಜಾಗವನ್ನಷ್ಟೇ ಬಿಲ್ಲೆಯ ಹಾಗೆ ಕತ್ತರಿಸಿ ಮುಚ್ಚುವುದು, ಹೆಚ್ಚಾಗಿ ಸ್ಟೇಪ್ಲರ್‌ನಲ್ಲಿ. ಮೂರನೆಯದು ರಿಸೆಕ್ಷನ್: ಪೈಪಿನ ಆ ತುಂಡನ್ನೇ ತೆಗೆದು ಎರಡು ತುದಿ ಜೋಡಿಸುವುದು. ಗಂಟು 3 ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ, ಒಂದಕ್ಕಿಂತ ಜಾಸ್ತಿ ಇದ್ದರೆ, ಕರುಳು ಕಿರಿದಾಗಿದ್ದರೆ ಸಾಮಾನ್ಯವಾಗಿ ಮೂರನೆಯದಕ್ಕೆ ಹೋಗುತ್ತಾರೆ.

ಇದರಲ್ಲಿ ಯಾವುದರಿಂದ ಮಗು ಬೇಗ? ಎಲ್ಲರೂ ಕೇಳುವ ಪ್ರಶ್ನೆ ಇದು. ಫ್ರಾನ್ಸಿನಲ್ಲಿ ರೆಕ್ಟಮ್ ಗಂಟಿದ್ದ 60 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಶೇವಿಂಗ್ ಅಥವಾ ಡಿಸ್ಕ್, ಇನ್ನೊಂದಕ್ಕೆ ರಿಸೆಕ್ಷನ್. ಎಂಡೋರ್ ಅಂತ ಈ ಅಧ್ಯಯನದ ಹೆಸರು, ಫಲಿತಾಂಶ 2018ರಲ್ಲಿ ಬಂತು. ಮಗು ಬೇಕೆಂದ 36 ಜನರಲ್ಲಿ 29 ಜನ ಬಸುರಿಯಾದರು, ಅಂದರೆ ನೂರಕ್ಕೆ 81. ಆ 29ರಲ್ಲಿ 17 ಜನಕ್ಕೆ ಸಹಜವಾಗಿಯೇ ಆಯಿತು. ಕರುಳಿನ ಆರೋಗ್ಯದಲ್ಲಿ ಎರಡು ವರ್ಷದ ಮೇಲೆ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಈ 81 ಅನ್ನುವ ಅಂಕಿ ಕೇಳಿ ಕುಣಿಯುವ ಮುಂಚೆ ಸ್ವಲ್ಪ ನಿಲ್ಲಿ. ಅದು ನಾಲ್ಕು ವರ್ಷಕ್ಕೂ ಜಾಸ್ತಿ ಕಾದು ನೋಡಿದ ಲೆಕ್ಕ. ಆಪರೇಷನ್ ಮಾಡಿದವರು ಇದರಲ್ಲೇ ಕೈ ಪಳಗಿದವರು. ಮತ್ತೆ, ಆಪರೇಷನ್ ಇಲ್ಲದೆ ನೇರ ಐವಿಎಫ್‌ಗೆ ಹೋದ ಮೂರನೇ ಗುಂಪು ಅಲ್ಲಿ ಇರಲೇ ಇಲ್ಲ. ಹಾಗಾಗಿ "ಆಪರೇಷನ್ ಆದ ಮೇಲೂ ಮಗು ಆಗುತ್ತದೆ, ಸಹಜವಾಗಿಯೂ ಆಗುತ್ತದೆ" ಅಂತ ಧೈರ್ಯ ತಗೊಳ್ಳಬಹುದು. "ಆಪರೇಷನ್‌ನಿಂದಲೇ ಆಯ್ತು" ಅಂತ ಹೇಳುವ ಹಾಗಿಲ್ಲ.

ವ್ಯತ್ಯಾಸ ಇರುವುದು ಬೇರೆ ಕಡೆ. ಶೇವಿಂಗ್‌ನಲ್ಲಿ ಅಪಾಯ ಕಮ್ಮಿ, ಆದರೆ ಸ್ವಲ್ಪ ಉಳಿದು ಮತ್ತೆ ಬೆಳೆಯುವ ಸಾಧ್ಯತೆ ಜಾಸ್ತಿ. ರಿಸೆಕ್ಷನ್‌ನಲ್ಲಿ ಪೂರ್ತಿ ಹೋಗುವ ಸಾಧ್ಯತೆ ಜಾಸ್ತಿ, ಆದರೆ ಜೋಡಿಸಿದ ಜಾಗ ಸೋರುವುದು, ಕರುಳಿಗೂ ಯೋನಿಗೂ ನಡುವೆ ತೂತು ಬೀಳುವುದು, ಮೂತ್ರ ಪೂರ್ತಿ ಖಾಲಿಯಾಗದಿರುವುದು ಇಂಥ ತೊಂದರೆಗಳಿವೆ. ಜೋಡಣೆ ಗುದದ್ವಾರಕ್ಕೆ ಹತ್ತಿರ ಇದ್ದಷ್ಟೂ ಅಪಾಯ ಜಾಸ್ತಿ. ದಿನಕ್ಕೆ ಆರೇಳು ಸಲ ಅವಸರದಲ್ಲಿ ಟಾಯ್ಲೆಟ್‌ಗೆ ಓಡುವ ಸ್ಥಿತಿ ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ, ಕೆಲವರಿಗೆ ಉಳಿದೇಬಿಡುತ್ತದೆ.

ಸ್ಟೋಮಾ ಅಂದರೆ ಕರುಳಿನ ಬಾಯನ್ನು ಹೊಟ್ಟೆಯ ಮೇಲೆ ತಂದು ಚೀಲ ಕಟ್ಟುವುದು. ಕೆಳಗಿನ ಜೋಡಣೆ ಮಾಯಲಿ ಅಂತ ಎರಡು ಮೂರು ತಿಂಗಳಿಗೆ ಹಾಕುತ್ತಾರೆ, ಆಮೇಲೆ ಇನ್ನೊಂದು ಸಣ್ಣ ಆಪರೇಷನ್‌ನಲ್ಲಿ ಮುಚ್ಚುತ್ತಾರೆ. ಎಲ್ಲರಿಗೂ ಬೇಕಾಗುವುದಿಲ್ಲ. ನಮಗೆ ಈ ಪದ ಮೊದಲ ಸಲ ಕಂಡಿದ್ದು ಆಪರೇಷನ್ ಹಿಂದಿನ ರಾತ್ರಿ ಒಂಬತ್ತು ಗಂಟೆಗೆ, ಒಪ್ಪಿಗೆ ಪತ್ರದ ಮೂರನೇ ಪುಟದಲ್ಲಿ. ತಂಗಿ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದಳು. ನರ್ಸಮ್ಮ "ಅದು ಸುಮ್ನೆ ಎಲ್ಲರಿಗೂ ಬರೆದಿರ್ತಾರೆ, ಸೈನ್ ಮಾಡಿ" ಅಂದರು. ಅವಳಿಗೆ ಡಿಸ್ಕ್‌ನಲ್ಲೇ ಮುಗಿಯಿತು, ಚೀಲ ಬರಲಿಲ್ಲ. ಆದರೂ ಆ ರಾತ್ರಿ ಅವಳು ನಿದ್ದೆ ಮಾಡಲಿಲ್ಲ. ಈ ಮಾತು ಕನಿಷ್ಠ ಎರಡು ವಾರ ಮುಂಚೆ ಆಗಬೇಕು.

ಇನ್ನೊಂದು. ಕರುಳಿನ ಸರ್ಜನ್ ಮತ್ತು ಸ್ತ್ರೀರೋಗ ಸರ್ಜನ್ ಇಬ್ಬರೂ ಮೊದಲೇ ಎಂಆರ್‌ಐ ನೋಡಿ, ಒಟ್ಟಿಗೆ ಥಿಯೇಟರ್‌ಗೆ ಬರುವ ಕಡೆಗೆ ಹೋಗಿ. "ಬೇಕಾದರೆ ಆಗ ಕರೆಸಿಕೊಳ್ತೀವಿ" ಅನ್ನುವ ಕಡೆ ಬೇಡ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಆಪರೇಷನ್ ಆದ ಮೇಲೆ: ಕಾಯುವುದಾ, ಐಯುಐಯಾ, ಐವಿಎಫ್ಫಾ?

ಮೊದಲು ಮಾತ್ರೆಯ ವಿಷಯ, ಯಾಕೆಂದರೆ ನಾವು ಎಡವಿದ್ದು ಇಲ್ಲೇ. ಡಿಸ್ಚಾರ್ಜ್ ಆಗುವಾಗ ಡೈನೋಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ ಬರೆದುಕೊಟ್ಟರು, ದಿನಕ್ಕೊಂದು. ತಂಗಿ ತಪ್ಪದೆ ಎಂಟು ತಿಂಗಳು ನುಂಗಿದಳು. ದಾವಣಗೆರೆಯಲ್ಲಿ ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ "ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?" ಅನ್ನುವ ಪ್ರಶ್ನೆ. ಪ್ರತಿ ತಿಂಗಳೂ ಪ್ರೆಗ್ನೆನ್ಸಿ ಕಿಟ್ ತರುತ್ತಿದ್ದಳು. ಆ ಮಾತ್ರೆ ಸಾಮಾನ್ಯವಾಗಿ ಮೊಟ್ಟೆ ಬಿಡುಗಡೆಯನ್ನೇ ತಡೆಯುತ್ತದೆ, ಅದನ್ನು ತಗೊಳ್ಳುತ್ತಾ ಬಸುರಿಯಾಗುವ ಸಾಧ್ಯತೆ ತೀರಾ ಕಮ್ಮಿ ಅಂತ ನಮಗೆ ಯಾರೂ ಹೇಳಿರಲಿಲ್ಲ. ಕೇಳಬೇಕು ಅಂತ ನಮಗೂ ಹೊಳೆಯಲಿಲ್ಲ. ಎಂಟು ತಿಂಗಳು ಹೋಯಿತು.

ಮಾತ್ರೆ ತಪ್ಪು ಅಂತಲ್ಲ. ಮಗು ಈಗಲೇ ಬೇಡ, ಒಂದೆರಡು ವರ್ಷ ಬಿಟ್ಟು ನೋಡೋಣ ಅನ್ನುವವರಿಗೆ ಅದು ಒಳ್ಳೆಯದೇ, ನೋವು ವಾಪಸ್ ಬರದ ಹಾಗೆ ನೋಡಿಕೊಳ್ಳುತ್ತದೆ. ಈಗಲೇ ಬೇಕು ಅನ್ನುವವರಿಗೆ "ಆರು ತಿಂಗಳು ಹಾರ್ಮೋನ್ ಇಂಜೆಕ್ಷನ್ ಹಾಕಿಸಿ, ಆಮೇಲೆ ಸಲೀಸಾಗಿ ಆಗುತ್ತೆ" ಅನ್ನುವುದಕ್ಕೆ ಮಾತ್ರ ಆಧಾರ ಇಲ್ಲ. ಬರೀ ಗರ್ಭದ ಸಾಧ್ಯತೆ ಹೆಚ್ಚಿಸಲು ಹಾರ್ಮೋನ್ ಕೊಡಬೇಡಿ ಅಂತ ಮಾರ್ಗಸೂಚಿಯೇ ಹೇಳುತ್ತದೆ.

ಎಷ್ಟು ಕಾಯಬಹುದು ಅನ್ನುವುದಕ್ಕೆ ಒಂದು ಅಳತೆಗೋಲು ಇದೆ: ಇಎಫ್‌ಐ, ಅಂದರೆ ಎಂಡೊಮೆಟ್ರಿಯೋಸಿಸ್ ಫರ್ಟಿಲಿಟಿ ಇಂಡೆಕ್ಸ್. 2010ರಲ್ಲಿ ಆ್ಯಡಮ್‌ಸನ್ ಮತ್ತು ಪಾಸ್ತಾ ಇದನ್ನು ರೂಪಿಸಿದರು. ಸೊನ್ನೆಯಿಂದ 10ರ ತನಕ ಅಂಕ. ವಯಸ್ಸು 35 ಅಥವಾ ಕಮ್ಮಿ ಇದ್ದರೆ 2, 36ರಿಂದ 39ಕ್ಕೆ 1, 40 ಆದರೆ ಸೊನ್ನೆ. ಪ್ರಯತ್ನ ಶುರುವಾಗಿ ಮೂರು ವರ್ಷದ ಒಳಗಿದ್ದರೆ 2. ಹಿಂದೆ ಒಮ್ಮೆ ಬಸುರಿಯಾಗಿದ್ದರೆ 1. ಉಳಿದ 5 ಅಂಕ ಆಪರೇಷನ್ ಟೇಬಲ್ ಮೇಲೆ ಕಂಡದ್ದಕ್ಕೆ. ಅದರಲ್ಲಿ 3 ಅಂಕ ಟ್ಯೂಬು, ಅದರ ತುದಿಯ ಬೆರಳುಗಳು, ಓವರಿ ಈಗ ಎಷ್ಟು ಕೆಲಸ ಮಾಡುವ ಸ್ಥಿತಿಯಲ್ಲಿವೆ ಅನ್ನುವುದಕ್ಕೆ. ಕರುಳು ಎಷ್ಟುದ್ದ ತೆಗೆದರು ಅನ್ನುವುದಕ್ಕೆ ಇಲ್ಲಿ ಅಂಕವೇ ಇಲ್ಲ ನೋಡಿ!

ಅವರ ಮೂಲ ಲೆಕ್ಕದಲ್ಲಿ 9-10 ಅಂಕ ಬಂದವರಲ್ಲಿ ಮೂರು ವರ್ಷದೊಳಗೆ ಐವಿಎಫ್ ಇಲ್ಲದೆ ಸುಮಾರು ಮುಕ್ಕಾಲು ಜನ ಬಸುರಿಯಾದರು. 3ಕ್ಕಿಂತ ಮೇಲೆ ಹೋಗದವರಲ್ಲಿ ಹತ್ತರಲ್ಲಿ ಒಬ್ಬರು. ವೀರ್ಯ ಮತ್ತು ಗರ್ಭಕೋಶ ಸರಿಯಿದ್ದರೆ ಮಾತ್ರ ಈ ಲೆಕ್ಕ. ಗಂಡನ ಪರೀಕ್ಷೆ ಆಗದೆ ಹೆಂಡತಿಯ ಇಎಫ್‌ಐ ಹಿಡಿದು ಕೂರುವುದು ವ್ಯರ್ಥ. ಕೆಲವರಿಗೆ ಗರ್ಭಕೋಶದ ಗೋಡೆಯೊಳಗೇ ಇದೇ ರೋಗದಂಥದ್ದು ಹೊಕ್ಕಿರುತ್ತದೆ, ಅದಕ್ಕೆ ಅಡಿನೋಮಯೋಸಿಸ್ ಅನ್ನುತ್ತಾರೆ. ಕರುಳಿನ ಗಂಟಿದ್ದವರಲ್ಲಿ ಅದು ಜೊತೆಗಿರುವುದು ಸಾಮಾನ್ಯ. ಕರುಳಿನ ಆಪರೇಷನ್ ಅದನ್ನು ಮುಟ್ಟುವುದೇ ಇಲ್ಲ. ಎಲ್ಲ ಚೆನ್ನಾಗಿ ಆಯ್ತು ಅಂದಮೇಲೂ ಗರ್ಭ ನಿಲ್ಲದಿದ್ದರೆ ಅದರ ಬಗ್ಗೆ ಕೇಳಿ.

ಅಂಕ ಚೆನ್ನಾಗಿದ್ದು ವಯಸ್ಸು 35ರೊಳಗಿದ್ದರೆ ಆರು ತಿಂಗಳಿಂದ ಒಂದು ವರ್ಷ ಸಹಜವಾಗಿ ಪ್ರಯತ್ನಿಸಿ. ಆ ಗಡುವು ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. "ಇನ್ನೊಂದು ಯುಗಾದಿ ಆಗಲಿ" ಅಂತ ಮುಂದೂಡುತ್ತಾ ಹೋದರೆ ಮೂರು ಯುಗಾದಿ ಆಗಿರುತ್ತದೆ. ಅಂಕ ಕಮ್ಮಿಯಿದ್ದರೆ ಗಾಯ ಮಾಯ್ದ ಕೂಡಲೇ ಐವಿಎಫ್. ಟ್ಯೂಬಿನಲ್ಲಿ ನೀರು ತುಂಬಿಕೊಂಡಿದ್ದರೆ ಅದನ್ನು ತೆಗೆದೋ ಕ್ಲಿಪ್ ಹಾಕಿಯೋ ಆಮೇಲೆ ಭ್ರೂಣ ಇಡಬೇಕು, ಅದನ್ನು ಕರುಳಿನ ಆಪರೇಷನ್ ಜೊತೆಗೇ ಮುಗಿಸಬಹುದು. ಐಯುಐ, ಅಂದರೆ ವೀರ್ಯವನ್ನು ನೇರ ಗರ್ಭಕೋಶದೊಳಕ್ಕೆ ಬಿಡುವುದು? ರೋಗ ಸಣ್ಣದಿರುವವರಿಗೆ ಅದರಿಂದ ಲಾಭ ಇದೆ. ಕರುಳಿನ ತನಕ ಹೋದವರಿಗೆ ಎಷ್ಟು ಲಾಭ ಅನ್ನುವುದು ಅನುಮಾನ. ಆರು ಐಯುಐ ಮಾಡಿಸಿ ಒಂದು ವರ್ಷ ಕಳೆದವರನ್ನು ಕಂಡಿದ್ದೇನೆ.

ಎಷ್ಟು ದಿನಕ್ಕೆ ಶುರು ಮಾಡಬಹುದು ಅನ್ನುವುದು ಹೊಲಿಗೆ ಎಲ್ಲಿ ಬಿದ್ದಿದೆ ಅನ್ನುವುದರ ಮೇಲೆ. ಸರ್ಜನ್ ನೋಡಿ ಸರಿ ಅನ್ನಬೇಕು, ಸ್ಟೋಮಾ ಇದ್ದರೆ ಅದು ಮುಚ್ಚಿ ಮಾಯಬೇಕು.

ಬಸುರಿಯಾದ ಮೇಲೆ ಬೇಕಾಗುವ ಕಾಗದ

ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಮಾಸು ಕೆಳಗೆ ಕೂರುವುದು ಉಳಿದವರಿಗಿಂತ ಜಾಸ್ತಿ. ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಅದನ್ನು ವಿಶೇಷವಾಗಿ ನೋಡಿ ಅಂತ ಹೇಳಬೇಕು. ಗಂಟು ತೆಗೆಸದೆ ಐವಿಎಫ್‌ನಲ್ಲಿ ಬಸುರಿಯಾದವರಿಗೆ ತೀರಾ ಅಪರೂಪಕ್ಕೆ ಕರುಳು ತೂತಾಗುವುದುಂಟು. ತಡೆಯಲಾರದ ಹೊಟ್ಟೆನೋವು ದಿಢೀರನೆ ಬಂದರೆ ಓಂಕಾಳು ಕಷಾಯ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಕರುಳಿನ ಆಪರೇಷನ್ ಆಗಿದೆ ಅಂದ ಮಾತ್ರಕ್ಕೆ ಸಿಸೇರಿಯನ್ನೇ ಆಗಬೇಕಂತಿಲ್ಲ. ಹೊಲಿಗೆ ತೀರಾ ಕೆಳಗಿದ್ದರೆ, ಯೋನಿಯ ಗೋಡೆಗೂ ಕೈ ಹಾಕಿದ್ದರೆ ಸಿಸೇರಿಯನ್ ಕಡೆ ಒಲವು ಜಾಸ್ತಿ.

ಮಾತ್ರೆ ನಿಲ್ಲಿಸಿ, ಏಳು ತಿಂಗಳು ಕಾದು, ಆಮೇಲೆ ಒಂದು ಐವಿಎಫ್ ಆಗಿ ತಂಗಿ ಬಸುರಿಯಾದಳು. ದಾವಣಗೆರೆಯ ಡಾಕ್ಟರಮ್ಮ ಮೊದಲು ಕೇಳಿದ್ದೇ "ಹೊಲಿಗೆ ಎಷ್ಟು ಎತ್ತರದಲ್ಲಿದೆ? ಯೋನಿ ತೆರೆದಿದ್ದರಾ?" ನಮ್ಮ ಹತ್ತಿರ ಇದ್ದ ಡಿಸ್ಚಾರ್ಜ್ ಕಾಗದದಲ್ಲಿ ಆಪರೇಷನ್ ಬಗ್ಗೆ ಒಂದೇ ಸಾಲು. ಬೆಂಗಳೂರಿಗೆ ವಾಪಸ್ ಹೋಗಿ, ರೆಕಾರ್ಡ್ ರೂಮಿನಲ್ಲಿ ಅರ್ಜಿ ಬರೆದು, ಮೂರು ಪುಟದ ಆಪರೇಷನ್ ನೋಟ್ ತಂದೆವು. ಡಾಕ್ಟರಮ್ಮ ಎರಡನೇ ಪುಟದ ನಡುವಿನ ಒಂದು ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ತಾಯಿ ಕಾರ್ಡಿಗೆ ಪಿನ್ ಮಾಡಿಕೊಟ್ಟರು.